ಅರ್ಧ ಅಂಗಳದ ಅಧಿಕಾರ

ಶಾಲಾ ಕ್ರೀಡಾಕೂಟಗಳ ಕಾಲ ಬಂತೆಂದರೆ ಹುಳಿಯಾರು, ನೊಣವಿನಕೆರೆ, ಮಾಯಸಂದ್ರ ಹೋಬಳಿಗಳ ಮೈದಾನದಲ್ಲಿ ಸುಣ್ಣದ ಗೆರೆ ಬೀಳುತ್ತದೆ. ಅಲ್ಲಿ ಗೆದ್ದ ತಂಡಗಳು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ತಾಲ್ಲೂಕು ಕೂಟಕ್ಕೆ ಹೋಗುತ್ತವೆ. ಖೋಖೋ ಶುರುವಾದರಂತೂ ಜನ ಗೆರೆಯ ಮೇಲೇ ಮುಕುರಿಕೊಳ್ಳುತ್ತಾರೆ. ಎಲ್ಲರೂ ಕಣ್ಣಾರೆ ಕಂಡವರೇ. ಅರ್ಧ ಜನಕ್ಕೆ ಕಂಡದ್ದು ಔಟ್, ಇನ್ನರ್ಧಕ್ಕೆ ನಾಟೌಟ್. ಈ ಗದ್ದಲದ ಎದುರು ಕೊರಳಲ್ಲಿ ವಿಷಲ್ ಹಾಕಿಕೊಂಡು ಓಡುವ ಇಬ್ಬರು ಬಹುಪಾಲು ಯಾವುದೋ ಹೈಸ್ಕೂಲಿನ ಪಿ.ಟಿ. ಮೇಷ್ಟ್ರುಗಳು. ಬೈಗುಳ ಬಿಟ್ಟರೆ ಅವರ ಪಾಲಿಗೆ ಬರುವುದು ಕಡಿಮೆ.

ಖೋಖೋ ಅಂಗಳ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಂಬದಿಂದ ಕಂಬಕ್ಕೆ ಹಾದ 30 ಸೆಂ.ಮೀ. ನಡುಪಟ್ಟಿ ಅದನ್ನು ಎರಡು ಪಾಲು ಮಾಡುತ್ತದೆ. ಅಂಪೈರ್‌ಗಳಿಗೆ ತಲಾ ಒಂದು ಪಾಲು. ಅಂಗಳದ ಸುತ್ತಲಿನ ಖಾಲಿ ಜಾಗವಾದ ಲಾಬಿಯ ಆಚೆ ನಿಂತು ತಮ್ಮ ಪಾಲಿನ ತೀರ್ಪನ್ನು ತಾವೇ ಕೊಡಬೇಕು. ಇನ್ನೊಬ್ಬರಿಗೆ ನೆರವಾಗಬಹುದು ಅಷ್ಟೆ. ಇಬ್ಬರಿಗೂ ತಾಳೆಯಾಗದಾಗ ರೆಫ್ರಿಯ ಮಾತು ಕಡೆಯದು.

ಔಟ್ ಕೊಡುವುದು ಸುಲಭ, ಕಷ್ಟವಿರುವುದು ಫೌಲ್ ಹಿಡಿಯುವುದರಲ್ಲಿ. ಬೆನ್ನಟ್ಟುವವರು ಒಮ್ಮೆ ದಿಕ್ಕು ಹಿಡಿದ ಮೇಲೆ ತಿರುಗುವಂತಿಲ್ಲ, ನಡುಪಟ್ಟಿ ದಾಟುವಂತಿಲ್ಲ. ಖೋ ಕೊಡುವುದು ಹಿಂದಿನಿಂದ, ಮುಟ್ಟಿ, ಕೇಳುವಂತೆ. ಅದು ಸಿಗುವ ಮೊದಲೇ ಕೂತವರು ಎದ್ದರೆ ಫೌಲ್. ತಪ್ಪು ತಿದ್ದಿಕೊಳ್ಳುವವರೆಗೆ ವಿಷಲ್ ಬಿಟ್ಟುಬಿಟ್ಟು ಕೂಗುತ್ತಲೇ ಇರುತ್ತದೆ. ಆ ನಡುವೆ ಮುಟ್ಟಿದರೂ ಔಟ್ ಇಲ್ಲ.

ಇದನ್ನೆಲ್ಲ ಎಂಟು ಮೀಟರಿಗೂ ಹೆಚ್ಚು ದೂರದಿಂದ ನೋಡಬೇಕು. ಪಟ್ಟಿಯ ಮೇಲೆ ಎಂಟು ಜನ ಕೂತಿರುತ್ತಾರೆ. ಅಂಪೈರ್ ಹಿಂದೆ ಬಿದ್ದು ಓರೆಯಾಗಿ ನೋಡಿದರೆ ಕೂತವರ ಬೆನ್ನೇ ಅಡ್ಡ ಬಂದು ಕಾಲು ಕಾಣುವುದಿಲ್ಲ. ಆದ್ದರಿಂದ ಗೆರೆಯುದ್ದಕ್ಕೂ ಆಟಗಾರರ ಸಮಸಮಕ್ಕೆ ಓಡಬೇಕು, ಕಂಬದ ನೇರಕ್ಕಂತೂ ಒಂದು ಹೆಜ್ಜೆ ಮುಂಚೆಯೇ ತಲುಪಿರಬೇಕು. ಆಟಗಾರ್ತಿ ಕಂಬ ಸುತ್ತಿ ಆಚೆಗೆ ಹೋದಳೋ, ತೀರ್ಪೂ ಆಚೆಯವರಿಗೆ ಹೋಯಿತು. ಹೊಸಬರು ಎಡವುವುದು ಇಲ್ಲೇ. ಆಚೆಯವರು ಊದಲಿ ಎಂದು ಇವರು, ಇವರು ಊದಲಿ ಎಂದು ಆಚೆಯವರು! ಅಷ್ಟರಲ್ಲಿ ಮೂರು ಖೋ ಮುಗಿದಿರುತ್ತದೆ.

ಅಮೆರಿಕದ ಬೇಸ್‌ಬಾಲ್ ಅಂಪೈರ್‌ಗಳಿಗೂ ಮೊದಲು ಕಲಿಸುವುದು ಕಾಲಿನ ಪಾಠ. ಹತ್ತಿರ ಹೋಗುವುದಕ್ಕಿಂತ ಸರಿಯಾದ ಕೋನ ಹಿಡಿ, ತೀರ್ಪಿನ ಗಳಿಗೆಗೆ ನಿಂತಿರು. ನಮ್ಮವರಿಗೆ ನಿಲ್ಲುವ ಭಾಗ್ಯವೂ ಇಲ್ಲ. ಕ್ರಿಕೆಟ್ ಬೇರೆ ಲೋಕ. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಅಂಪೈರ್‌ಗಳಲ್ಲಿ ಒಬ್ಬರು ಕರ್ನಾಟಕದ ಮಾಜಿ ಆಟಗಾರ ಎ.ವಿ. ಜಯಪ್ರಕಾಶ್. ಅವರ ಹೆಸರಾದರೂ ಸ್ಕೋರ್‌ಕಾರ್ಡಿನಲ್ಲಿ ಉಳಿದಿದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ಭಾರತದ ಎರಡೂ ತಂಡ ಗೆದ್ದವು. ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಮಕ್ಕಳು ಆ ಮಟ್ಟಕ್ಕೆ ಏರುವುದು ಹೋಬಳಿ ಮೈದಾನದಿಂದ. ಅಲ್ಲಿ ಆಟಗಾರರಿಗೆ ತಿಂಗಳುಗಟ್ಟಲೆ ಅಭ್ಯಾಸ. ವಿಷಲ್ ಮಾತ್ರ ಅವತ್ತು ಬಿಡುವಿದ್ದವರ ಕೈಗೆ. ಇದು ನನಗೆ ಸರಿಕಾಣದು. ಕೂಟಕ್ಕೆ ಮುಂಚೆ ಒಂದು ದಿನ ಮೇಷ್ಟ್ರುಗಳನ್ನು ಜೋಡಿ ಜೋಡಿಯಾಗಿ ಗೆರೆಯ ಮೇಲೆ ಓಡಿಸಿದರೂ ಅರ್ಧ ಜಗಳ ತಗ್ಗುತ್ತದೆ. ತಮ್ಮ ಶಾಲೆಯ ತಂಡ ಇಳಿದಾಗ ವಿಷಲನ್ನು ಬೇರೆಯವರಿಗೆ ಕೊಡಬೇಕು. ದೈಹಿಕ ಶಿಕ್ಷಕರೇ ಸಾಲದ ಹೋಬಳಿಯಲ್ಲಿ ಅದನ್ನು ಯಾರಿಗೆ ಕೊಡುವುದು ಎಂಬುದನ್ನು ಇಲಾಖೆಯೇ ಹೇಳಬೇಕು.