ಪಂಕ್ತಿ ಕೂರಿಸದೆ ದಾಸೋಹ ನಡೆಸುವುದು ಹೇಗೆ?

ದಾವಣಗೆರೆ ಜಿಲ್ಲೆಯಲ್ಲಿ ತುಂಗಭದ್ರೆ ತುಂಬಿದಾಗ ಉಕ್ಕಡಗಾತ್ರಿ–ಫತ್ತೇಪುರ ರಸ್ತೆ ಮುಳುಗುತ್ತದೆ. ನೆರೆ ಬಂದರೆ ಗಂಜಿ ಕೇಂದ್ರ ತೆರೆದು ಎಲ್ಲರನ್ನೂ ಒಂದೆಡೆ ಸೇರಿಸಿ ಉಣಬಡಿಸಬಹುದು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಹಾಗೆ ಸೇರಿಸುವುದೇ ಅಪಾಯ. ಆಗ ಅನ್ನವೇ ಜನರಿದ್ದಲ್ಲಿಗೆ ಹೋಗಬೇಕು.

ಕೊರೊನಾ ಸೋಂಕು ತಡೆಯಲು 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ರಾಜ್ಯದ ದೇವಸ್ಥಾನಗಳು ಮತ್ತೆ ತೆರೆದದ್ದು ಜೂನ್ 8ಕ್ಕೆ. ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಗೆ ಅಮಾವಾಸ್ಯೆಗೆ ಬರುವ ಭಕ್ತರನ್ನೇ ನಂಬಿ ಕಾಯಿ, ಹೂವು ಮಾರುವವರು, ದಾವಣಗೆರೆಯ ಮಂಡಕ್ಕಿ ಭಟ್ಟಿಯ ದಿನಗೂಲಿಯವರು ಇಂಥ ಬಂದ್‌ನಲ್ಲಿ ಮೊದಲು ಬೀಳುವವರು. ಭದ್ರಾ ನಾಲೆಯ ಈ ಭತ್ತದ ಸೀಮೆಯಲ್ಲಿ ಅಕ್ಕಿಗೆ ಬರವಿಲ್ಲ. ಕೊಳ್ಳಲು ಕೈಯಲ್ಲಿ ಕಾಸಿರುವುದಿಲ್ಲ, ಅಷ್ಟೆ. ಕೇಂದ್ರ ಸರ್ಕಾರ ತಲಾ 5 ಕೆ.ಜಿ. ಹೆಚ್ಚುವರಿ ಧಾನ್ಯ ಕೊಟ್ಟಿತು, ಆದರೆ ಅದಕ್ಕೆ ಪಡಿತರ ಚೀಟಿ ಬೇಕಿತ್ತು. ಚೀಟಿ ಇಲ್ಲದವರಿಗೆ ನೆರೆಹೊರೆಯೇ ಗತಿಯಾಗಿತ್ತು. ಕೋಲಾರದ ಇಬ್ಬರು ಸಹೋದರರು ತಮ್ಮ ಜಾಗ ಮಾರಿ ಬಂದ 25 ಲಕ್ಷ ರೂಪಾಯಿಯಲ್ಲಿ ಹಸಿದವರಿಗೆ ದಿನಸಿ, ಊಟ ಕೊಟ್ಟದ್ದು ಆ ಏಪ್ರಿಲ್‌ನಲ್ಲೇ.

ಒಲೆ ಹಚ್ಚುವ ಮೊದಲು ಪಟ್ಟಿ ಬರೆಯಬೇಕು. ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಒಂಟಿ ಅಜ್ಜಿ ಎಂಬುದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಗೊತ್ತು. ಅವರನ್ನು ಕೇಳದೆ ಮಾಡಿದ ಪಟ್ಟಿಯಲ್ಲಿ ದನಿಯಿಲ್ಲದವರು ತಪ್ಪಿಹೋಗುತ್ತಾರೆ. ಮನೆಯಲ್ಲಿ ಒಲೆ ಇದ್ದವರಿಗೆ ದಿನಸಿ ಸಾಕು. ನಾಲ್ವರ ಮನೆಗೆ ಹದಿನೈದು ದಿನಕ್ಕೆ ಸುಮಾರು 15 ಕೆ.ಜಿ. ಅಕ್ಕಿ, 3 ಕೆ.ಜಿ. ತೊಗರಿಬೇಳೆ, ಎಣ್ಣೆ, ಉಪ್ಪು, ಖಾರದಪುಡಿ, ಸೋಪು. ಬರೀ ಅಕ್ಕಿ ಕೊಟ್ಟು ಬಂದರೆ ಆ ಮನೆಯ ತಾಯಿ ಸಾರು ಯಾವುದರಲ್ಲಿ ಮಾಡಬೇಕು?

ಬೇಯಿಸಿದ ಊಟ ಒಲೆಯಿಲ್ಲದವರಿಗೆ: ಲಾರಿ ಚಾಲಕರು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರು, ನಡೆದು ಊರಿಗೆ ಹೊರಟವರು. ನೂರು ಜನರ ಒಂದು ಹೊತ್ತಿಗೆ ಸುಮಾರು 12 ಕೆ.ಜಿ. ಅಕ್ಕಿ, 3 ಕೆ.ಜಿ. ಬೇಳೆ. ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಾಂತಿ ತರಿಸುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಅನ್ನ ಒಲೆಯಿಂದಿಳಿದ ಎರಡು ಗಂಟೆಯೊಳಗೆ ಉಣ್ಣುವವರ ಕೈಸೇರಬೇಕು. ದೂರದ ದಾರಿಗೆ ನನ್ನ ಆಯ್ಕೆ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ವಾರವಿಟ್ಟರೂ ಕೆಡುವುದಿಲ್ಲ. ಇನ್ನೂ ದೊಡ್ಡ ಅನುಕೂಲವೆಂದರೆ ಮನೆಮನೆಯಲ್ಲೇ ತಟ್ಟಬಹುದು, ಅಡುಗೆಯವರೂ ಗುಂಪುಗೂಡಬೇಕಿಲ್ಲ.

ಜ್ವರ, ಕೆಮ್ಮು ಇದ್ದವರು ಅಡುಗೆಗೂ ಹಂಚಲಿಕ್ಕೂ ಬರಕೂಡದು. ಬಾಗಿಲು ತಟ್ಟಿ, ಪೊಟ್ಟಣ ಜಗಲಿಯ ಮೇಲಿಟ್ಟು, ದೂರ ಸರಿದು ನಿಂತರೆ ಸಾಕು. ಫೋಟೊ ಮಾತ್ರ ಬೇಡವೇ ಬೇಡ. ನಿನ್ನೆಯವರೆಗೆ ದುಡಿದು ತಿಂದವರು ಕೈಯೊಡ್ಡಿದ ಚಿತ್ರ ಊರೆಲ್ಲ ನೋಡುತ್ತದೆಂದರೆ ಹಸಿದೇ ಮಲಗುತ್ತಾರೆ. ದಾನಿಗಳಿಗೆ ಲೆಕ್ಕದ ಪುಸ್ತಕ ತೋರಿಸಿ. ಪಟ್ಟಿಯನ್ನು ವಾರಕ್ಕೊಮ್ಮೆ ತಿದ್ದಿ. ಹೊಸದಾಗಿ ಸೋಂಕು ತಗುಲಿ ಬಾಗಿಲು ಹಾಕಿಕೊಂಡ ಮನೆಗಳನ್ನು ಅದೇ ದಿನ ಸೇರಿಸಿ.