ಚಕೋತ ಮರದ ನೆರಳಲ್ಲಿ ಒಂದು ಮಧ್ಯಾಹ್ನ

ದೇವನಹಳ್ಳಿಯಲ್ಲಿ ಬಸ್ಸಿಳಿದು ಆಟೊ ಹಿಡಿದೆವು. ಬ್ರೋಷರಿನಲ್ಲಿದ್ದ ಉದ್ದದ ಇಂಗ್ಲಿಷ್ ಹೆಸರನ್ನು ಎರಡು ಸಲ ಓದಿ ಹೇಳಿದ ಮೇಲೆ ಡ್ರೈವರಿಗೆ ಹೊಳೆಯಿತು. ‘ಓ, ವೃದ್ಧಾಶ್ರಮಾನಾ? ಹಂಗನ್ನಿ ಮತ್ತೆ!’ ಹೆಂಡತಿ ರಸ್ತೆ ಕಡೆ ಮುಖ ತಿರುಗಿಸಿದಳು. ಗೇಟು ದಾಟಿದ ಮೇಲೆ ಆ ಪದ ಒಬ್ಬರ ಬಾಯಲ್ಲೂ ಬರಲಿಲ್ಲ. ಅಲ್ಲಿ ಎಲ್ಲವೂ ‘ಸೀನಿಯರ್ ಲಿವಿಂಗ್’.

ನನಗೆ 64, ಅವಳಿಗೆ 61. ಇಬ್ಬರೂ ಮೆಟ್ಟಿಲು ಹತ್ತುತ್ತೇವೆ, ಲೆಕ್ಕ ಬರೆಯುತ್ತೇವೆ, ಜಗಳವನ್ನೂ ಚೆನ್ನಾಗಿಯೇ ಆಡುತ್ತೇವೆ. ಇಂಥ ಜಾಗ ನೋಡಬೇಕಾದ್ದು ಈಗಲೇ ಎಂಬುದು ಅವಳ ವಾದ. ಹೋದ ವರ್ಷ ನಮ್ಮ ಅತ್ತಿಗೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಬಿಡುವ ಹಿಂದಿನ ಸಂಜೆ ಮೂವರು ಮಕ್ಕಳು ಫೋನಿನಲ್ಲೇ ಅವರ ಮುಂದಿನ ಬದುಕನ್ನು ತೀರ್ಮಾನಿಸಿಬಿಟ್ಟರು. ಅತ್ತಿಗೆಯನ್ನು ಯಾರೂ ಕೇಳಲಿಲ್ಲ. ಕೆಟ್ಟ ಮಕ್ಕಳೇನಲ್ಲ, ಅವರಿಗೆ ಸಮಯ ಇರಲಿಲ್ಲ.

ತೋರಿಸಲು ಬಂದ ಹುಡುಗ ಮೊದಲು ಈಜುಕೊಳಕ್ಕೆ ಕರೆದೊಯ್ದ. ದಂಡೆಯಲ್ಲಿ ಒಂದು ಕಾಗೆ ಮೀಯುತ್ತಿತ್ತು. ಜಿಮ್, ಸಿನಿಮಾ ಕೋಣೆ, ಧ್ಯಾನ ಮಂದಿರ ಎಲ್ಲ ಆಯಿತು. ‘ಬಚ್ಚಲು ತೋರಿಸಪ್ಪ’ ಅಂದಳು ಇವಳು.

ಮಾದರಿ ಮನೆ ಅಚ್ಚುಕಟ್ಟಾಗಿತ್ತು. ಹೊಸ್ತಿಲಿಲ್ಲ. ಗಾಲಿಕುರ್ಚಿ ಸರಾಗವಾಗಿ ದಾಟುವಂತೆ ಬಾಗಿಲು 90 ಸೆಂಟಿಮೀಟರ್. ಹೊರಗಿನ ಇಳಿಜಾರು ಹನ್ನೆರಡು ಅಡಿಗೆ ಒಂದಡಿ ಏರುವಂಥದ್ದು. ಗೋಡೆಯ ಹಿಡಿಕೆಗೆ ನಾನು ಪೂರ್ತಿ ಭಾರ ಬಿಟ್ಟು ಜೋತುಬಿದ್ದೆ, ಹುಡುಗ ಗಾಬರಿಯಾದ. ಹಿಡಿಕೆ ಅಲುಗಲಿಲ್ಲ. ಕಮೋಡಿನ ಪಕ್ಕ ಕೆಂಪು ದಾರ ಇಳಿಬಿಟ್ಟಿದ್ದರು, ಬಿದ್ದವರು ಎಳೆದರೆ ನರ್ಸ್ ಕೋಣೆಯಲ್ಲಿ ಗಂಟೆ ಬಾರಿಸುತ್ತದಂತೆ. ಆದರೆ ನೆಲ ಒರೆಸುವವರು ಒದ್ದೆಯಾಗಬಾರದೆಂದು ಅದನ್ನು ಸುತ್ತಿ, ನನ್ನ ಎದೆಯೆತ್ತರಕ್ಕೆ ಗಂಟು ಹಾಕಿದ್ದರು. ಇವಳು ಮಾತಾಡದೆ ಗಂಟು ಬಿಚ್ಚಿದಳು. ದಾರ ನೆಲಕ್ಕೆ ಮುಟ್ಟಿತು. ಇಡೀ ಆವರಣದಲ್ಲಿ ನನಗೆ ಅತ್ಯಂತ ಹೆದರಿಕೆ ಹುಟ್ಟಿಸಿದ್ದು ಆ ಪುಟ್ಟ ಗಂಟು.

‘ಹಾಸಿಗೆ ಹಿಡಿದರೆ?’ ಎಂದೆ. ಹಿಂದಿನ ಬ್ಲಾಕಿಗೆ ಸ್ಥಳಾಂತರಿಸುತ್ತಾರಂತೆ, ಶುಲ್ಕ ಬೇರೆ. ‘ಮರೆವಿನ ಕಾಯಿಲೆ ಬಂದರೆ?’ ಹುಡುಗ ಒಂದು ಕ್ಷಣ ತಡೆದ. ಅದಕ್ಕೆ ಬೇರೆ ಊರಲ್ಲಿ ಒಪ್ಪಂದದ ಕೇಂದ್ರವಿದೆಯಂತೆ. ಅಂದರೆ ಮನೆ ಗುರುತು ಸಿಗದಾದಾಗಲೇ ಮನೆ ಬದಲಾಗಬೇಕು! ಇವೆಲ್ಲ ಬ್ರೋಷರಿನಲ್ಲಿಲ್ಲ.

ಕರಾರಿನ ಪ್ರತಿ ಕೇಳಿ ಕೂತು ಓದಿದೆ. ಕೇಂದ್ರ ಸರ್ಕಾರ 2019ರಲ್ಲಿ ನಿವೃತ್ತರ ವಸತಿಗಳಿಗೆಂದೇ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟಿದವರು, ಸೇವೆ ಕೊಡುವವರು, ಕೊಂಡವರು ಮೂವರೂ ಸಹಿ ಹಾಕುವ ಒಪ್ಪಂದ ಅದರಲ್ಲಿ ಮುಖ್ಯ ಅಂಶ. ಯಾಕೆಂದರೆ ಮನೆ ಮಾರಿದ ಬಿಲ್ಡರ್ ಹೊರಟುಹೋಗುತ್ತಾನೆ, ಆಮೇಲೆ ಊಟ, ನರ್ಸ್, ಆಂಬುಲೆನ್ಸ್ ಯಾರದು? ನನ್ನ ಕೈಲಿದ್ದ ಪ್ರತಿಯಲ್ಲಿ ಎರಡೇ ಸಹಿಗೆ ಜಾಗ. ಮೇಂಟೆನೆನ್ಸ್ ‘ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು’ ಎಂದಿತ್ತು. ನನ್ನ ಎಫ್‌ಡಿ ಬಡ್ಡಿ ಕಾಲಕಾಲಕ್ಕೆ ಇಳಿದದ್ದನ್ನಷ್ಟೇ ಕಂಡವನು ನಾನು. ಒಬ್ಬರು ಹೋದ ಮೇಲೆ ಉಳಿದವರ ಶುಲ್ಕ ಎಷ್ಟಾಗುತ್ತದೆ ಎಂದು ಬರೆದುಕೊಡಲು ಕೇಳಿದೆ, ಮೇಲ್ ಮಾಡುತ್ತೇವೆ ಅಂದರು.

ಹೊರಗೆ ಚಕೋತ ಮರದ ಕೆಳಗಿನ ಬೆಂಚಿನಲ್ಲಿ ಒಬ್ಬ ಹಿರಿಯರು ಕಾಫಿ ಕುಡಿಯುತ್ತಿದ್ದರು. ಕಾಯಿಗಳು ಮಗುವಿನ ತಲೆಯಷ್ಟು ದಪ್ಪ. ಈ ಊರಿನ ಚಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ, ಹಾಗಾಗಿ ಮರ ಕಡಿಯದೆ ಬಿಟ್ಟದ್ದಕ್ಕೆ ಬಿಲ್ಡರಿಗೆ ಒಂದು ಅಂಕ. ‘ಮನೆ ಮಕ್ಕಳ ಹೆಸರಿಗೆ ಬರೆದುಕೊಟ್ಟಿದೀರಾ?’ ಎಂದು ಅವರೇ ಕೇಳಿದರು. ಇಲ್ಲವೆಂದೆ. ‘ಬರೆದರೂ ನೋಡಿಕೊಳ್ಳಬೇಕು ಅಂತ ಪತ್ರದಲ್ಲೇ ಷರತ್ತು ಹಾಕಿಸಿ. ನಾವೆಲ್ಲ ಸಂಕೋಚಕ್ಕೆ “ಪ್ರೀತಿ ವಿಶ್ವಾಸಪೂರ್ವಕವಾಗಿ” ಅಂತಷ್ಟೇ ಬರೆಸ್ತೀವಿ.’ ಅವರು ಹೇಳುತ್ತಿದ್ದುದು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಮಾತು. ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಯಲ್ಲಿ ಪತ್ರ ರದ್ದು ಕೋರಬಹುದು. ತಾವೇಕೆ ಇದನ್ನು ಇಷ್ಟು ಚೆನ್ನಾಗಿ ಬಲ್ಲರೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಜೇಬಿನಿಂದ ಒಂದು ಮಡಿಸಿದ ಕಾಗದವನ್ನೂ ತೆಗೆದು ತೋರಿಸಿದರು. ಚೇತರಿಕೆಯ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಡವೆಂಬ ಮುಂಗಡ ಸೂಚನೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ವ್ಯವಸ್ಥೆಯಿದು. 2023ರಲ್ಲಿ ಅದು ಸರಳವಾಯಿತು: ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ‘ಮೂಲ ಪ್ರತಿ ಬೀರುವಿನಲ್ಲಿದೆ. ಬೀರುವಿನಲ್ಲಿದ್ದರೆ ಆಂಬುಲೆನ್ಸಿನವನಿಗೆ ಹೇಗೆ ಗೊತ್ತಾಗತ್ತೆ ಹೇಳಿ?’ ಎಂದು ನಕ್ಕು ಮತ್ತೆ ಜೇಬಿಗೆ ಸೇರಿಸಿದರು.

‘ನಾನು ಯಾರಿಗೂ ಹೊರೆಯಾಗಬಾರದಪ್ಪ’ ಎನ್ನುವವರನ್ನು ನಮ್ಮ ಬೀದಿಯಲ್ಲೇ ಹತ್ತು ಮಂದಿ ತೋರಿಸಬಲ್ಲೆ. ಕಾಗದ ಮಾಡಿಟ್ಟವರನ್ನು ಕಂಡದ್ದು ಅವತ್ತೇ ಮೊದಲು.

ಅಡ್ವಾನ್ಸ್ ಕೊಡಲಿಲ್ಲ. ತಿಂಗಳ ಮಟ್ಟಿಗೆ ಬಾಡಿಗೆಗಿದ್ದು ನೋಡಲು ಅವಕಾಶವಿದೆಯೇ ಎಂದು ವಿಚಾರಿಸಿ, ಎರಡು ಚಕೋತ ಕೊಂಡು ಬಸ್ಸು ಹತ್ತಿದೆವು. ಮನೆಗೆ ಬಂದವಳೇ ಇವಳು ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದು ಬಚ್ಚಲ ಬಾಗಿಲಿಗೆ ಹಿಡಿದಳು. 24 ಇಂಚು. ಅತ್ತಿಗೆಗೆ ತಂದಿದ್ದ ಗಾಲಿಕುರ್ಚಿ 26.

‘ಇನ್ನೊಂದು ಸಲ ಅಳೆಯಿರಿ’ ಎಂದು ಟೇಪನ್ನು ನನ್ನ ಕೈಗೆ ಕೊಟ್ಟಳು.