ಹತ್ತಿಯ ಕೋಟೆ, ಯಮನ ಬಾಗಿಲು

ದೂರದಿಂದ ನೋಡಿದರೆ ಹಿಮ ಬಿದ್ದ ಬೆಟ್ಟ. ಹತ್ತಿರ ಹೋಗಿ ಕಾಲಿಟ್ಟರೆ ಬೆಚ್ಚನೆಯ ನೀರು! ಟರ್ಕಿಯ ನೈರುತ್ಯ ಭಾಗದಲ್ಲಿ, ಡೆನಿಜ್ಲಿ ನಗರದ ಸಮೀಪವಿರುವ ಪಮುಕ್ಕಲೆಯ ವೈಚಿತ್ರ್ಯವಿದು. ತುರ್ಕಿ ಭಾಷೆಯಲ್ಲಿ ಈ ಹೆಸರಿಗೆ ‘ಹತ್ತಿಯ ಕೋಟೆ’ ಎಂದರ್ಥ. ಸುಮಾರು 200 ಮೀಟರ್ ಎತ್ತರದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಳಿಯ ಬೋಗುಣಿಗಳು. ಅವುಗಳಲ್ಲಿ ತಿಳಿನೀಲಿ ನೀರು.

ನೀರೇ ಶಿಲ್ಪಿ

ಈ ಕೋಟೆಯನ್ನು ಕಟ್ಟಿದ್ದು ನೀರು. ನೆಲದಾಳದಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆತ ಬಿಸಿನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಬುಗ್ಗೆಯಾಗಿ ಮೇಲೆ ಬರುತ್ತದೆ. ಗಾಳಿಗೆ ತೆರೆದುಕೊಂಡೊಡನೆ ಅನಿಲ ಹೊರಟುಹೋಗುತ್ತದೆ. ಕರಗಿದ್ದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಉಳಿಯುತ್ತದೆ. ಮೊದಲು ಲೋಳೆಯಂತೆ ಮೆತ್ತಗಿದ್ದು, ಬರಬರುತ್ತಾ ಟ್ರಾವರ್ಟೀನ್ ಎಂಬ ಕಲ್ಲಾಗುತ್ತದೆ. ಕೊಳವೆಬಾವಿಯ ಗಡಸು ನೀರು ಕಾಯಿಸುವ ಪಾತ್ರೆಯೊಳಗೆ ಬಿಳಿಯ ಚಕ್ಕೆ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಕ್ರಿಯೆ ಇಲ್ಲಿ ಸಾವಿರಾರು ವರ್ಷ ನಡೆದು ಬೆಟ್ಟವನ್ನೇ ಹೊದಿಸಿದೆ.

ಪುಣ್ಯನಗರಿಯ ಗುಟ್ಟು

ಬೆಟ್ಟದ ನೆತ್ತಿಯಲ್ಲಿ ಹಿಯರಾಪೊಲಿಸ್ ನಗರದ ಅವಶೇಷಗಳಿವೆ. ಕ್ರಿ.ಪೂ. 2ನೇ ಶತಮಾನದಲ್ಲಿ ಪೆರ್ಗಮಾನ್ ಅರಸರು ಸ್ಥಾಪಿಸಿದ ಈ ನಗರಕ್ಕೆ ರೋಮನ್ನರ ಕಾಲದಲ್ಲಿ ಜನ ಬಿಸಿನೀರಿನ ಸ್ನಾನಕ್ಕಾಗಿ ಬರುತ್ತಿದ್ದರು. ಭವ್ಯ ರಂಗಮಂದಿರ, ಸ್ನಾನಗೃಹಗಳು, ಸಾಲು ಸಾಲು ಸಮಾಧಿಗಳು ಇಂದಿಗೂ ನೋಡಸಿಗುತ್ತವೆ.

ಇಲ್ಲಿಯೇ ಪಾತಾಳದ ದೇವತೆ ಪ್ಲೂಟೋನ ಗುಹೆಯೂ ಇದೆ. ಬಲಿಗೆ ತಂದ ಹೋರಿ ಅಲ್ಲಿ ತಾನಾಗಿಯೇ ಕುಸಿದು ಸಾಯುತ್ತಿತ್ತು. ಪೂಜಾರಿಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಪ್ರಾಚೀನ ಭೂಗೋಳಜ್ಞ ಸ್ಟ್ರಾಬೊ ಗುಬ್ಬಚ್ಚಿಗಳನ್ನು ಒಳಗೆ ಬಿಟ್ಟು, ಅವು ಸತ್ತು ಬಿದ್ದುದನ್ನು ಬರೆದಿಟ್ಟಿದ್ದಾನೆ. 2018ರಲ್ಲಿ ಪ್ರಕಟವಾದ ಅಧ್ಯಯನ ಈ ಪವಾಡದ ಗುಟ್ಟನ್ನು ಬಿಡಿಸಿತು. ಬಿರುಕಿನಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ರಾತ್ರಿ ಅದು ನೆಲಮಟ್ಟದಲ್ಲಿ ಕೊಳದಂತೆ ನಿಂತು, ನಸುಕಿನಲ್ಲಿ ಅತಿ ಅಪಾಯಕಾರಿಯಾಗಿರುತ್ತದೆ, ಬಿಸಿಲೇರಿದಂತೆ ಚದುರುತ್ತದೆ. ಹೋರಿಯ ಮೂಗು ಈ ಅನಿಲದೊಳಗೆ, ನಿಂತ ಪೂಜಾರಿಯ ಮೂಗು ಅದರ ಮೇಲೆ! ವಿಚಿತ್ರವೆಂದರೆ, ಬೆಟ್ಟಕ್ಕೆ ಬೆಳ್ಳಿಯ ಬಣ್ಣ ಕೊಟ್ಟ ಅನಿಲವೂ ಇದೇ.

ಕೆಟ್ಟು ಬುದ್ಧಿ ಕಲಿತದ್ದು

ಮನುಷ್ಯನ ಆಸೆ ಈ ಬೆಟ್ಟವನ್ನೂ ಬಿಡಲಿಲ್ಲ. 20ನೇ ಶತಮಾನದಲ್ಲಿ ಅವಶೇಷಗಳ ಮೇಲೆಯೇ ಹೋಟೆಲುಗಳೆದ್ದವು. ಬುಗ್ಗೆಯ ನೀರು ಅವುಗಳ ಈಜುಕೊಳಗಳಿಗೆ ಹರಿಯಿತು. ಬಿಳಿಯ ಇಳಿಜಾರಿನಲ್ಲೇ ರಸ್ತೆಯಾಯಿತು. ಹೊಸ ಸುಣ್ಣ ಕೂಡುವುದು ಕಡಿಮೆಯಾಗಿ ಬೆಟ್ಟ ಮಾಸತೊಡಗಿತು. 1988ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ನಂತರ ಹೋಟೆಲುಗಳನ್ನು ಕೆಡವಲಾಯಿತು, ರಸ್ತೆಯನ್ನು ತೆಗೆಯಲಾಯಿತು. ಈಗ ನೀರನ್ನು ಸರದಿಯ ಮೇಲೆ ಬೇರೆ ಬೇರೆ ಭಾಗಗಳಿಗೆ ಬಿಡುತ್ತಾರೆ. ಹೀಗಾಗಿ ಕೆಲವು ಬೋಗುಣಿಗಳು ಒಣಗಿರುವುದನ್ನು ಕಂಡು ಪ್ರವಾಸಿಗರು ನಿರಾಶರಾಗಬೇಕಿಲ್ಲ.

ಬಿಳಿಯ ಹಾದಿಯಲ್ಲಿ ಚಪ್ಪಲಿ ಕಳಚಿಯೇ ನಡೆಯಬೇಕು. ಸಂಜೆ ಬಿಸಿಲಿಳಿದ ಮೇಲೆ ಹೋದರೆ ಕಣ್ಣಿಗೂ ಹಿತ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ರೂಢಿಯಿರುವ ನಮಗೆ ಈ ನಿಯಮ ಕಷ್ಟವೇನಲ್ಲ. ಇಲ್ಲಿ ಕಾಪಾಡಬೇಕಾದ್ದು, ಇನ್ನೂ ಕಲ್ಲಾಗುತ್ತಿರುವ ಸುಣ್ಣದ ತೆಳುಪದರವನ್ನು.